ಒಂದೇ ಆಟ, ನಾಲ್ಕು ಅಭಿಪ್ರಾಯ: ಯಾರನ್ನು ನಂಬಬೇಕು?

ಮಾನ್ಯ ಓದುಗರೇ,

ನಿಮ್ಮ ಪತ್ರ ತಲುಪಿದೆ. ಪಾಳುಬಿದ್ದ ಬಂಗಲೆಯೊಂದರಲ್ಲಿ ನಡೆಯುವ ಹಿಡನ್ ಆಬ್ಜೆಕ್ಟ್ (ಪಟ್ಟಿಯಲ್ಲಿ ಹೆಸರಿಸಿದ ವಸ್ತುಗಳನ್ನು ಚಿತ್ರದೊಳಗೆ ಹುಡುಕಿ ತೆಗೆಯುವ) ಸಾಹಸದ ಆಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ನಾಲ್ವರು ಆಟಗಾರರ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ನಿಮ್ಮ ಆಕ್ಷೇಪ. ಒಬ್ಬರು ರಾತ್ರಿ ದೀಪ ಆರಿಸಿ ಆಡಲು ಧೈರ್ಯವಾಗಲಿಲ್ಲ ಎಂದಿದ್ದಾರೆ. ಇನ್ನೊಬ್ಬರು ಹೆದರುವಂಥದ್ದು ಇದರಲ್ಲಿ ಏನೂ ಇಲ್ಲ ಎಂದಿದ್ದಾರೆ. ಮೂರನೆಯವರಿಗೆ ಮೂರೇ ಗಂಟೆಯಲ್ಲಿ ಆಟ ಮುಗಿದುಹೋದದ್ದು ಬೇಸರ ತಂದಿದೆ. ನಾಲ್ಕನೆಯವರು ಕತ್ತಲೆಯ ದೃಶ್ಯಗಳಲ್ಲಿ ವಸ್ತುಗಳೇ ಕಾಣಲಿಲ್ಲವೆಂದು ಅರ್ಧಕ್ಕೆ ಕೈಬಿಟ್ಟಿದ್ದಾರೆ. ಇವುಗಳ ಬದಲು ಒಬ್ಬ ಪರಿಣತರಿಂದ ವಿಮರ್ಶೆ ಬರೆಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟರೆ ಕೊಳ್ಳುವವರಿಗೆ ಅನುಕೂಲವಾಗುವುದಿಲ್ಲವೇ ಎಂದು ಕೇಳಿದ್ದೀರಿ. ನೀವೂ ಆ ಆಟವನ್ನು ಆಡಿ ಮುಗಿಸಿದ್ದೀರೆಂದೂ, ಆದರೆ ಹಲವು ಸಲ ಹಿಂಟ್ (ಸಿಕ್ಕಿಹಾಕಿಕೊಂಡಾಗ ಆಟವೇ ಕೊಡುವ ಸುಳಿವು) ಬಳಸಿದ್ದರಿಂದ ಅಭಿಪ್ರಾಯ ಹೇಳುವ ಅರ್ಹತೆ ನಿಮಗಿಲ್ಲವೇನೋ ಎಂಬ ಸಂಕೋಚವಿದೆಯೆಂದೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ.

ಅಂಕ ಕೊಡುವ ಸಲಹೆಯನ್ನು ನಾನು ಒಪ್ಪಲಾರೆ. ಆ ನಾಲ್ಕೂ ಅಭಿಪ್ರಾಯಗಳು ಒಟ್ಟಿಗೇ ನಿಜವಾಗಿರಬಲ್ಲವು ಎಂಬುದು ನನ್ನ ನಂಬಿಕೆ. ಯಾರು, ಯಾವ ಸಾಧನದಲ್ಲಿ, ಯಾವ ಮಟ್ಟದಲ್ಲಿ, ಏನನ್ನು ಬಯಸಿ ಆಡಿದರು ಎಂಬುದು ತಿಳಿದರೆ ಅವುಗಳ ನಡುವಿನ ವಿರೋಧ ಬಹುಮಟ್ಟಿಗೆ ತಾನಾಗಿಯೇ ಕರಗುತ್ತದೆ.

ಮೊದಲು ಭಯದ ವಿಷಯ. ಬೆನ್ನಟ್ಟಿ ಬರುವ ಪಿಶಾಚಿಯಿಂದ ತಪ್ಪಿಸಿಕೊಂಡು ಓಡುವ, ಸಿಕ್ಕಿಬಿದ್ದರೆ ಸಾಯುವ ಹಾರರ್ ಆಟಗಳನ್ನು ಆಡಿ ಬಂದವರಿಗೆ ಈ ಬಗೆಯ ಆಟ ಸಪ್ಪೆ ಎನಿಸುವುದು ಸಹಜ, ಏಕೆಂದರೆ ಇಲ್ಲಿ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ, ಆಟ ಸೋತು ಮೊದಲಿನಿಂದ ಆರಂಭಿಸಬೇಕಾದ ಆತಂಕವೂ ಇಲ್ಲ. ಇಲ್ಲಿನ ಭಯ ಹುಟ್ಟುವುದು ಸ್ಥಳದಿಂದ: ಅರ್ಧ ತೆರೆದ ಬಾಗಿಲು, ಯಾರೂ ಇಲ್ಲದ ಕೋಣೆಯಲ್ಲಿ ತಾನಾಗಿ ತೂಗುವ ಕುರ್ಚಿ, ಕಿಟಕಿಯ ಗಾಜಿನಾಚೆ ಕ್ಷಣಮಾತ್ರ ಸರಿದುಹೋಗುವ ಮುಖ. ಇದರ ಹಿಂದೆ ಇನ್ನೂ ಸೂಕ್ಷ್ಮವಾದ ಒಂದು ಕಾರಣವಿದೆ, ಅದರ ಬಗ್ಗೆ ಆಟಗಾರರು ಬರೆಯುವುದು ಕಡಿಮೆ. ಅಡಗಿದ ವಸ್ತುವನ್ನು ಹುಡುಕಬೇಕಾದರೆ ಕಣ್ಣು ಒಂದು ಚಿತ್ರದ ಮೇಲೆ ಬಹಳ ಹೊತ್ತು ಸಮಾಧಾನದಿಂದ ನಿಲ್ಲಬೇಕು. ಭಯವಾದರೋ ಅಲ್ಲಿಂದ ಬೇಗ ಹೊರಟುಬಿಡು ಎನ್ನುತ್ತದೆ. ಭಯ ಹೆಚ್ಚಾದರೆ ಹುಡುಕಾಟ ಕೆಡುತ್ತದೆ, ತೀರ ಕಡಿಮೆಯಾದರೆ ಪಟ್ಟಿಯಲ್ಲಿರುವ ಹನ್ನೆರಡು ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುವ ಕೆಲಸವಷ್ಟೇ ಉಳಿಯುತ್ತದೆ. ಈ ಎರಡರ ನಡುವೆ ಆಟ ಎಲ್ಲಿ ನಿಂತಿದೆ ಎಂದು ಹೇಳುವ ಅಭಿಪ್ರಾಯವನ್ನು ನಾನು ಬಹಳ ಗೌರವದಿಂದ ಓದುತ್ತೇನೆ. ‘ಭಯವಾಗಲಿಲ್ಲ’ ಎಂಬ ಒಂದು ಸಾಲಿನಿಂದ ಅದು ತಿಳಿಯುವುದಿಲ್ಲ. ‘ದೆವ್ವ ಎರಡನೆಯ ಸಲ ಬಂದಾಗಲೂ ಅದೇ ಚೀತ್ಕಾರ, ಅದೇ ಮುಖ, ಹಾಗಾಗಿ ಆಮೇಲೆ ಏನೂ ಅನಿಸಲಿಲ್ಲ’ ಎಂದು ಬರೆದರೆ ತಿಳಿಯುತ್ತದೆ.

ವಸ್ತುಗಳ ಆಯ್ಕೆಯ ವಿಷಯವನ್ನೂ ಇದರ ಜೊತೆಗೇ ನೋಡಬೇಕು. ಬೆಂಕಿಗೆ ಆಹುತಿಯಾದ ಮಗುವಿನ ಕೋಣೆಗೆ ಆಟಗಾರ ಕಾಲಿಡುತ್ತಾನೆ ಎಂದುಕೊಳ್ಳಿ. ಅಲ್ಲಿ ಹುಡುಕಬೇಕಾದದ್ದು ಕರಕಲಾದ ಗೊಂಬೆ, ಒಂಟಿ ಪಾದರಕ್ಷೆ, ಹರಿದ ಚಿತ್ರದ ಚೂರುಗಳು ಎಂದಾದರೆ, ಪ್ರತಿ ಕ್ಲಿಕ್ಕಿಗೂ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದೇ ಕೋಣೆಯಲ್ಲಿ ಅನಾನಸ್, ಕಾರಿನ ಟೈರು, ಹೆಬ್ಬೆರಳಿನಷ್ಟು ಗಾತ್ರದ ಆನೆ, ಟ್ರಂಪೆಟ್ಟು ಇವುಗಳನ್ನು ಹುಡುಕು ಎಂದರೆ ಕಟ್ಟಿಕೊಂಡ ವಾತಾವರಣವೆಲ್ಲ ಕುಸಿದುಬೀಳುತ್ತದೆ. ಈ ಪ್ರಕಾರದ ಆರಂಭದ ಆಟಗಳಲ್ಲಿ ಎರಡನೆಯ ಬಗೆಯೇ ಹೆಚ್ಚಾಗಿತ್ತು. 2005ರಲ್ಲಿ ಬಂದ ‘ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್’ ಈ ಪ್ರಕಾರವನ್ನು ಜನಪ್ರಿಯಗೊಳಿಸಿತು, ಆಗ ಹುಡುಕಾಟವೇ ಆಟದ ಮುಖ್ಯ ಭಾಗವಾಗಿತ್ತು. ಅದೇ ಸರಣಿಯಲ್ಲಿ 2008ರಲ್ಲಿ ಬಂದ ‘ರಿಟರ್ನ್ ಟು ರೇವನ್‌ಹರ್ಸ್ಟ್’, ಕೋಣೆಯಿಂದ ಕೋಣೆಗೆ ತಿರುಗಾಡುವುದು, ಸಿಕ್ಕ ವಸ್ತುವನ್ನು ಇಟ್ಟುಕೊಂಡು ಬೇರೆಡೆ ಬಳಸುವುದು ಮುಂತಾದ ಸಾಹಸದ ಆಟಗಳ ಲಕ್ಷಣಗಳನ್ನು ಹುಡುಕಾಟದೊಂದಿಗೆ ಬೆಸೆಯಿತು. ಇಂದು ನಾವು ಆಡುತ್ತಿರುವುದು ಹೆಚ್ಚಾಗಿ ಈ ಮಿಶ್ರ ರೂಪವನ್ನೇ. ಆದ್ದರಿಂದ ವಸ್ತುಗಳು ಆ ಮನೆಗೆ ಸೇರಿದವುಗಳಾಗಿದ್ದವೇ ಎಂಬ ಪ್ರಶ್ನೆಗೆ ಉತ್ತರಿಸದ ಅಭಿಪ್ರಾಯ ನನಗೆ ಅಪೂರ್ಣವೆನಿಸುತ್ತದೆ.

ನೀವೇ ಬರೆದ ಒಂದು ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ನಿಮ್ಮ ಬಳಿ ಆಗಲೇ ಹರಿತವಾದ ಚಾಕು ಇದ್ದರೂ, ಪೆಟ್ಟಿಗೆಗೆ ಕಟ್ಟಿದ ಹಗ್ಗವನ್ನು ಅದರಿಂದ ಕತ್ತರಿಸಲು ಆಟ ಬಿಡಲಿಲ್ಲ. ಮೂರು ಕೋಣೆ ದಾಟಿ ಹೋಗಿ ಕತ್ತರಿಯನ್ನೇ ತರಬೇಕಾಯಿತು ಎಂದಿದ್ದೀರಿ. ಒಮ್ಮೆ ಬಳಸಿದೊಡನೆ ಸ್ಕ್ರೂಡ್ರೈವರ್ ಮುರಿದುಹೋಗಿ, ಮುಂದಿನ ಸ್ಕ್ರೂ ಬಿಚ್ಚಲು ಇನ್ನೊಂದನ್ನು ಹುಡುಕಬೇಕಾಗಿ ಬರುವುದೂ ಇದೇ ಜಾತಿಯ ಕಿರಿಕಿರಿ. ಆಟ ತನ್ನದೇ ನಿಯಮಕ್ಕೆ ಬದ್ಧವಾಗಿಲ್ಲ ಎಂಬುದನ್ನು ನಿಮ್ಮ ಈ ಒಂದು ಉದಾಹರಣೆ ತೋರಿಸಿದಷ್ಟು ಸ್ಪಷ್ಟವಾಗಿ ಹತ್ತಕ್ಕೆ ಆರು ಎಂಬ ಅಂಕ ಎಂದಿಗೂ ತೋರಿಸಲಾರದು.

ಆಟದ ಅವಧಿಯ ದೂರು ಬಹಳ ಸಲ ಕೇಳಿಬರುತ್ತದೆ, ಅದನ್ನು ತೂಗಿ ನೋಡುವಾಗ ಎಚ್ಚರ ಬೇಕು. ಇಂಥ ಆಟಗಳನ್ನು ಸಾಮಾನ್ಯವಾಗಿ ಕೆಲವೇ ಗಂಟೆಗಳಿಗೆಂದು ರೂಪಿಸಿರುತ್ತಾರೆ. ಸುಲಭದ ಮಟ್ಟದಲ್ಲಿ ಎಲ್ಲಿ ಕೈಹಾಕಬೇಕೋ ಅಲ್ಲಿ ಮಿನುಗು ಕಾಣಿಸುತ್ತದೆ, ಒಮ್ಮೆ ಬಳಸಿದ ಹಿಂಟ್ ಬೇಗ ಮತ್ತೆ ಸಿಗುತ್ತದೆ, ಮ್ಯಾಪಿನಲ್ಲಿ ಕೆಲಸ ಬಾಕಿಯಿರುವ ಕೋಣೆಗಳಿಗೆ ಗುರುತು ಇರುತ್ತದೆ. ಕಠಿಣ ಮಟ್ಟದಲ್ಲಿ ಇವು ಒಂದೋ ಇರುವುದಿಲ್ಲ, ಇಲ್ಲವೇ ಬಹಳ ನಿಧಾನವಾಗಿ ಸಿಗುತ್ತವೆ. ಒಂದೇ ಬಂಗಲೆಯನ್ನು ಮೂರು ಗಂಟೆಯಲ್ಲಿ ದಾಟಿದವರೂ ಏಳು ಗಂಟೆ ತೆಗೆದುಕೊಂಡವರೂ ಪ್ರಾಮಾಣಿಕರೇ ಆಗಿರಬಹುದು.

ಸ್ಟೀಮ್‌ನಂಥ ಕಂಪ್ಯೂಟರ್ ಆಟಗಳ ಮಾರಾಟ ತಾಣದಲ್ಲಿ ಅಭಿಪ್ರಾಯ ಓದುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ ಆಟಗಾರರಿಗಿರುವುದು ಶಿಫಾರಸು ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂಬ ಎರಡೇ ಆಯ್ಕೆ; ಆದರೆ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಅವರು ಎಷ್ಟು ಗಂಟೆ ಆಡಿದ್ದಾರೆ ಎಂಬುದು ಕಾಣುತ್ತದೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಲು ಅಲ್ಲಿ ಅವಕಾಶವಿದೆ. ಹೀಗಾಗಿ ಒಂದೂವರೆ ಗಂಟೆ ಆಡಿ ಬಿಟ್ಟವರ ಮಾತು ಬಂಗಲೆಯ ಅಂಗಳ ಮತ್ತು ಮೊದಲ ಕೆಲವು ಕೋಣೆಗಳ ಬಗ್ಗೆ ಮಾತ್ರ ನಂಬಲರ್ಹ. ಒಗಟುಗಳು ಮುಂದೆ ಹೇಗಿವೆ, ಕಥೆ ಎಲ್ಲಿ ಮುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಕಡೆ, ಹದಿನೈದು ಗಂಟೆ ಎಂದು ಕಂಡರೆ ಆಟ ದೀರ್ಘವಾದದ್ದು ಎಂದು ತಿಳಿಯಬೇಕಾಗಿಲ್ಲ. ಹಿಂಟ್ ಇಲ್ಲದೆ ಮುಗಿಸಿದರೆ, ಒಗಟನ್ನು ಸ್ಕಿಪ್ ಮಾಡದೆ ಬಿಡಿಸಿದರೆ, ಕಠಿಣ ಮಟ್ಟದಲ್ಲಿ ಗೆದ್ದರೆ ಸಿಗುವ ಅಚೀವ್‌ಮೆಂಟುಗಳಿಗಾಗಿ, ಅಂದರೆ ಸಾಧನೆಯ ಬಿರುದುಗಳಿಗಾಗಿ, ಒಂದೇ ಆಟವನ್ನು ಎರಡು ಮೂರು ಸಲ ಆಡುವವರಿದ್ದಾರೆ. ಶೇಕಡಾ 40ರಿಂದ 69ರಷ್ಟು ಜನ ಮೆಚ್ಚಿದ ಆಟಗಳಿಗೆಲ್ಲ ಆ ತಾಣ ‘ಮಿಕ್ಸೆಡ್’ (ಮಿಶ್ರ) ಎಂಬ ಒಂದೇ ಹಣೆಪಟ್ಟಿ ಹಚ್ಚುತ್ತದೆ. ಮೆಚ್ಚದವರು ಭಯ ಸಾಲದೆಂದು ಮೆಚ್ಚಲಿಲ್ಲವೋ, ಮಧ್ಯದಲ್ಲಿ ಆಟ ಕೆಟ್ಟು ನಿಂತಿತೆಂದು ಮೆಚ್ಚಲಿಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಅಂಕದ ಬಗ್ಗೆ ನನ್ನ ತಕರಾರೂ ಇದೇ.

ಕತ್ತಲೆಯ ದೂರನ್ನು ಮಾತ್ರ ಅಭಿರುಚಿಯ ವಿಷಯವೆಂದು ಬದಿಗೆ ಸರಿಸಲಾಗದು. ಕಪ್ಪು ಮರದ ಕೆತ್ತನೆಯ ಮೇಲೆ ಕಪ್ಪು ಕೀಲಿ ಇಟ್ಟು, ಅದರ ಮೇಲೆ ನೆರಳು ಹಾಯಿಸಿದರೆ ಅದು ಜಾಣ್ಮೆಯ ಪರೀಕ್ಷೆಯಾಗದೆ ದೃಷ್ಟಿಯ ಪರೀಕ್ಷೆಯಾಗುತ್ತದೆ. ವಯಸ್ಸಾದ ಆಟಗಾರರು ಈ ಪ್ರಕಾರವನ್ನು ಬಹಳ ಪ್ರೀತಿಯಿಂದ ಆಡುತ್ತಾರೆ. ಬಣ್ಣಗಳಲ್ಲಿ ವ್ಯತ್ಯಾಸ ಗುರುತಿಸಲಾಗದವರೂ ಆಡುತ್ತಾರೆ. ಕೆಂಪು, ಹಸಿರು ಹರಳುಗಳನ್ನು ಬೇರ್ಪಡಿಸುವ ಒಗಟು, ಕೇಳಿದ ರಾಗವನ್ನು ಅದೇ ಕ್ರಮದಲ್ಲಿ ಬಾರಿಸುವ ಒಗಟು ಕೆಲವರ ಪಾಲಿಗೆ ಮುಚ್ಚಿದ ಬಾಗಿಲುಗಳೇ. ದೊಡ್ಡ ಮಾನಿಟರಿಗೆಂದು ಬರೆದ ದೃಶ್ಯ ಮೊಬೈಲಿನ ಪರದೆಯಲ್ಲಿ ಇಕ್ಕಟ್ಟಾಗುವುದೂ ಉಂಟು. ನಮ್ಮ ನಾಲ್ಕನೆಯ ಆಟಗಾರರು ಮೊಬೈಲಿನಲ್ಲಿ ಆಡಿದ್ದರು ಎಂಬುದನ್ನು ಅವರ ಮಾತಿನ ಜೊತೆಗೇ ಮುದ್ರಿಸಿದ್ದರೆ ಓದುಗರಿಗೆ ಹೆಚ್ಚು ಉಪಯೋಗವಾಗುತ್ತಿತ್ತು ಎಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮುಂದಿನ ಸಂಚಿಕೆಯಿಂದ ಪ್ರತಿ ಅಭಿಪ್ರಾಯದ ಕೆಳಗೆ ಆಡಿದ ಸಾಧನ, ಆಯ್ದುಕೊಂಡ ಮಟ್ಟ, ಆಟವನ್ನು ಮುಗಿಸಿದರೋ ಇಲ್ಲವೋ, ಹಿಂಟ್ ಎಷ್ಟರ ಮಟ್ಟಿಗೆ ಬಳಸಿದರು ಎಂಬ ವಿವರಗಳು ಇರುತ್ತವೆ.

ಇನ್ನು ನಿಮ್ಮ ಸಂಕೋಚದ ಮಾತು. ಹಿಂಟ್ ಬಳಸಿದವರಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ ಎಂಬ ಧೋರಣೆ ಕೆಲವು ಆಟಗಾರರಲ್ಲಿದೆ, ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಿಂಟ್ ಗುಂಡಿಯನ್ನು ಆಟ ಕಟ್ಟಿದವರೇ ಯೋಚಿಸಿ ಇಟ್ಟಿರುತ್ತಾರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದೂ ಆಟದ ಗುಣಮಟ್ಟದ ಭಾಗವೇ. ಕೆಲವು ಆಟಗಳಲ್ಲಿ ಹಿಂಟ್ ಒತ್ತಿದರೆ ಮುಂದೆ ಹೋಗಬೇಕಾದ ಕೋಣೆಯತ್ತ ದಾರಿ ತೋರಿಸುತ್ತದೆ. ಕೆಲವದರಲ್ಲಿ ಈ ಕೋಣೆಯಲ್ಲಿ ಇನ್ನೇನೂ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಈ ವ್ಯತ್ಯಾಸವನ್ನು ಬಲ್ಲವರು ಹಿಂಟ್ ಬಳಸಿದವರೇ. ನೀವು ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಉತ್ತರ ತಿಳಿದ ಮೇಲೆ ‘ಅಯ್ಯೋ, ಇದು ನನಗೆ ಹೊಳೆಯಬೇಕಿತ್ತು’ ಎನಿಸಿತೇ ಅಥವಾ ‘ಇದು ಯಾರಿಗೂ ಹೊಳೆಯುವಂತಿರಲಿಲ್ಲ’ ಎನಿಸಿತೇ ಎಂಬುದನ್ನು ಬರೆದು ಕಳುಹಿಸಿ. ಕಥೆಯ ಅಂತ್ಯವನ್ನು ಮಾತ್ರ ಬಿಟ್ಟುಕೊಡಬೇಡಿ.

ಕಲೆಕ್ಟರ್ಸ್ ಎಡಿಷನ್ ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಅದರಲ್ಲಿ ಸಾಮಾನ್ಯವಾಗಿ ಒಂದು ಬೋನಸ್ ಅಧ್ಯಾಯ, ಆಟದ ಮಾರ್ಗದರ್ಶಿ, ಸಂಗೀತ, ವಾಲ್‌ಪೇಪರ್‌ಗಳು ಇರುತ್ತವೆ. ಬೋನಸ್ ಅಧ್ಯಾಯ ಹೊಸ ಕೋಣೆಗಳಲ್ಲಿ ನಡೆಯುತ್ತದೆ ಎಂದು ಅದನ್ನು ಆಡಿದವರು ಸ್ಪಷ್ಟವಾಗಿ ಹೇಳಿದ್ದರೆ ಕೊಳ್ಳಿ; ಹಳೆಯ ಕೋಣೆಗಳಲ್ಲೇ ಮತ್ತೆ ತಿರುಗಾಡಿಸುತ್ತದೆ ಎಂದಿದ್ದರೆ ಸಾಮಾನ್ಯ ಆವೃತ್ತಿಯೇ ಸಾಕು.

ಸಂಪಾದಕ