ತೊಗರಿ ಬೇರುಗಂಟಿನ ಸೆಕ್ಷನ್‌ನಲ್ಲಿ ಅಲಾಂಟಾಯಿನ್ ಸಿಗ್ನಲ್ ಹೆಚ್ಚಿಸುವುದು ಹೇಗೆ?

ಕಲಬುರಗಿ ಸುತ್ತಲಿನ ಹೊಲಗಳಿಂದ ತೊಗರಿಯ ಬೇರುಗಂಟು ತಂದು, ಸೆಕ್ಷನ್ (ತೆಳುಪದರ) ಕತ್ತರಿಸಿ, ಡಿಎಚ್‌ಬಿ ಎಂಬ ಮ್ಯಾಟ್ರಿಕ್ಸ್ (ಲೇಸರ್ ಶಕ್ತಿ ಹೀರಿ ಅಣುಗಳನ್ನು ಎಬ್ಬಿಸುವ ಲೇಪ) ಸಿಂಪಡಿಸಿ, ಮಾಲ್ಡಿ ಇಮೇಜಿಂಗ್‌ನ (ಲೇಸರ್‌ನಿಂದ ಎದ್ದ ಅಣುಗಳನ್ನು ತೂಕದಿಂದ ಗುರುತಿಸಿ, ಎಲ್ಲಿವೆ ಎಂದು ಚಿತ್ರಿಸುವ ವಿಧಾನ) ಪಾಸಿಟಿವ್ ಮೋಡ್‌ನಲ್ಲಿ, ಅಂದರೆ ಧನ ಅಯಾನುಗಳನ್ನು ಅಳೆಯುವ ಬಗೆಯಲ್ಲಿ, ನೋಡಿದ್ದೀರಿ. ಸಕ್ಕರೆ, ಕೊಬ್ಬು ಎಲ್ಲ ಬಂದಿವೆ, ಗಂಟಿನ ಸಾರಜನಕವನ್ನು ಗಿಡಕ್ಕೆ ಸಾಗಿಸುವ ಅಲಾಂಟಾಯಿನ್ ಮಾತ್ರ ಬಂದಿಲ್ಲ. ಅಮೋನಿಯಂ ಫಾರ್ಮೇಟ್‌ನ ನೀರಿನ ದ್ರಾವಣದಲ್ಲಿ ತೊಳೆದು ಲೇಸರ್ ಶಕ್ತಿ ಏರಿಸಿದರೆ ಅಯಾನೀಕರಣ (ಅಣು ವಿದ್ಯುದಂಶ ಪಡೆಯುವುದು) ಸುಧಾರಿಸುವುದೇ ಎಂಬುದು ನಿಮ್ಮ ಪ್ರಶ್ನೆ.

ದಯವಿಟ್ಟು ತೊಳೆಯಬೇಡಿ. ಆ ಸಲಹೆ ಮಿದುಳು, ಮೂತ್ರಪಿಂಡಗಳ ಸೆಕ್ಷನ್‌ನಲ್ಲಿ ಕೊಬ್ಬು ಹುಡುಕುವವರಿಗೆ ಹೇಳಿದ್ದು. ಕೊಬ್ಬು ನೀರಿಗೆ ಕರಗುವುದಿಲ್ಲ, ಲವಣ ಕರಗಿ ಹೋಗುತ್ತದೆ, ಆದ್ದರಿಂದ ಅವರಿಗೆ ಲಾಭ. ಅಲಾಂಟಾಯಿನ್ ನೀರಿನಲ್ಲಿ ಕರಗುವಂಥದ್ದು. ಲವಣದ ಜೊತೆ ಅದೂ ಹೊರಟುಹೋಗುತ್ತದೆ, ಉಳಿದದ್ದು ಪಕ್ಕದ ಜೀವಕೋಶಗಳಿಗೆ ಹರಡುತ್ತದೆ.

ಗಂಟನ್ನು ಸೀಳಿದಾಗ ಒಳಗೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿರುವ ಗಂಟು. ತೊಗರಿ ತಾನು ಹಿಡಿದ ಸಾರಜನಕವನ್ನು ಮುಖ್ಯವಾಗಿ ಅಲಾಂಟಾಯಿನ್ ಮತ್ತು ಅಲಾಂಟೋಯಿಕ್ ಆಮ್ಲದ ರೂಪದಲ್ಲಿಯೇ ಮೇಲಕ್ಕೆ ಕಳುಹಿಸುವ ಬೆಳೆ. ಆದ್ದರಿಂದ ವಸ್ತು ಅಲ್ಲಿದೆ, ಅದರ ಅಯಾನು ನಮ್ಮ ಕೈಗೆ ಸಿಗುತ್ತಿಲ್ಲ ಅಷ್ಟೇ. ಕಾರಣ ಹೀಗಿದೆ. ಸಸ್ಯದ ಅಂಗಾಂಶದಲ್ಲಿ ಪೊಟ್ಯಾಸಿಯಂ ವಿಪರೀತ. ಪಾಸಿಟಿವ್ ಮೋಡ್‌ನಲ್ಲಿ ಒಂದೇ ಅಲಾಂಟಾಯಿನ್ 159.05 (ಪ್ರೋಟಾನ್), 181.03 (ಸೋಡಿಯಂ), 197.01 (ಪೊಟ್ಯಾಸಿಯಂ) ಎಂದು ಮೂರು ಪಾಲಾಗುತ್ತದೆ (ಈ ಅಂಕಿಗಳು m/z, ಅಂದರೆ ಅಯಾನಿನ ತೂಕ ಮತ್ತು ವಿದ್ಯುದಂಶದ ಅನುಪಾತ). 381.08ರಲ್ಲಿ ನಿಮಗೆ ಕಂಡ ದೊಡ್ಡ ಪೀಕ್ ಬಹುತೇಕ ಪೊಟ್ಯಾಸಿಯಂ ಹಿಡಿದ ಸುಕ್ರೋಸ್. ಫಾಸ್ಫಟಿಡೈಲ್‌ಕೋಲಿನ್ ಎಂಬ ಕೊಬ್ಬಿಗೆ ಹುಟ್ಟಿನಿಂದಲೇ ಶಾಶ್ವತ ಧನ ವಿದ್ಯುದಂಶವಿದೆ, ಹಾಗಾಗಿ ಅದು ಉಳಿದವುಗಳನ್ನು ಅಡಗಿಸಿಬಿಡುತ್ತದೆ. ಸಾಲದೆಂಬಂತೆ ಡಿಎಚ್‌ಬಿಯ ಸ್ವಂತ ಪೀಕ್‌ಗಳು 137, 155, 177ರಲ್ಲಿ, ಅಂದರೆ ನೀವು ಹುಡುಕುವ ಓಣಿಯಲ್ಲಿಯೇ ಇವೆ. ಇಲ್ಲಿ ಲೇಸರ್ ಏರಿಸಿದರೆ ಮ್ಯಾಟ್ರಿಕ್ಸ್‌ನ ಗದ್ದಲ ಮತ್ತು ಅಣುಗಳ ಒಡೆತ ಎರಡೂ ಹೆಚ್ಚುತ್ತವೆ.

ಲವಣವನ್ನು ತೆಗೆಯಲಾಗದಿದ್ದರೆ ಅದರ ದಾರಿ ಬಿಟ್ಟು ಹೋಗಿ: ಋಣ ಅಯಾನುಗಳನ್ನು ಅಳೆಯುವ ನೆಗೆಟಿವ್ ಮೋಡ್‌ಗೆ ಬನ್ನಿ. ಅಲ್ಲಿ ಪ್ರೋಟಾನ್ ಕಳೆದುಕೊಂಡ ಅಲಾಂಟಾಯಿನ್ 157.04ರಲ್ಲಿ, ಅಲಾಂಟೋಯಿಕ್ ಆಮ್ಲ 175.05ರಲ್ಲಿ ಬರಬೇಕು. ಮ್ಯಾಟ್ರಿಕ್ಸ್ ಆಗಿ 9-ಅಮಿನೋಅಕ್ರಿಡಿನ್ ಮೊದಲು ನೋಡಿ, ಆಮೇಲೆ 1,5-ಡೈಅಮಿನೋನಾಫ್ತಲೀನ್. ಎರಡನೆಯದನ್ನು ಫ್ಯೂಮ್ ಹುಡ್‌ನಲ್ಲಿ, ಕೈಗವಸು ಹಾಕಿಕೊಂಡೇ ಮುಟ್ಟಿ. ಕ್ಯಾನ್ಸರ್‌ಕಾರಕ ಎಂಬ ಶಂಕೆ ಅದರ ಮೇಲಿದೆ. ಏನನ್ನಾದರೂ ತೊಳೆಯಲೇಬೇಕೆಂದರೆ ತಣ್ಣನೆಯ ಹೆಕ್ಸೇನ್‌ನಲ್ಲಿ ಕ್ಷಣಕಾಲ ಅದ್ದಿ. ಕೊಬ್ಬು ಕಡಿಮೆಯಾಗುತ್ತದೆ, ಅಲಾಂಟಾಯಿನ್ ಅದರಲ್ಲಿ ಕರಗದ ಕಾರಣ ಜಾಗ ಬಿಡುವುದಿಲ್ಲ. ಇದನ್ನೂ ಮೊದಲು ಹೆಚ್ಚುವರಿ ಸೆಕ್ಷನ್ ಮೇಲೆ ಪರೀಕ್ಷಿಸಿ.

ಇಡೀ ಚಿತ್ರ ತೆಗೆಯಲು ಯಂತ್ರದ ಸಮಯ ಕೇಳುವ ಮುನ್ನ ಒಂದು ಚಿಕ್ಕ ಪರೀಕ್ಷೆ ಮಾಡಿ. ಐಸೊಟೋಪ್ ಗುರುತು ಹಾಕಿದ (ಭಾರದ ಪರಮಾಣು ಸೇರಿಸಿದ್ದರಿಂದ ತೂಕದಲ್ಲಿ ಬೇರೆಯಾಗಿ ಕಾಣುವ) ಅಲಾಂಟಾಯಿನ್‌ನ ಒಂದು ಹನಿಯನ್ನು ಸೆಕ್ಷನ್ ಮೇಲೆ, ಅಷ್ಟೇ ಗಾತ್ರದ ಇನ್ನೊಂದನ್ನು ಪಕ್ಕದ ಬರಿ ಗಾಜಿನ ಮೇಲೆ ಇಡಿ. ಮ್ಯಾಟ್ರಿಕ್ಸ್, ಲೇಸರ್ ಎರಡಕ್ಕೂ ಒಂದೇ ಇರಲಿ. ಗಾಜಿನ ಮೇಲೆ ಕಂಡು ಅಂಗಾಂಶದ ಮೇಲೆ ಕಾಣದಿದ್ದರೆ ಅದು ಅಯಾನು ಅಡಗಿಸುವಿಕೆ, ಅಂದರೆ ಅಂಗಾಂಶದ ಬೇರೆ ವಸ್ತುಗಳು ಅದರ ಸಿಗ್ನಲ್ ಮುಳುಗಿಸುತ್ತಿವೆ. ಎರಡೂ ಕಡೆ ಕಾಣದಿದ್ದರೆ ಮ್ಯಾಟ್ರಿಕ್ಸ್ ಅಥವಾ ಮೋಡ್ ಬದಲಿಸಬೇಕು. ಎರಡೂ ಕಡೆ ಚೆನ್ನಾಗಿ ಕಂಡು ಗಂಟಿನ ಸ್ವಂತ ಅಲಾಂಟಾಯಿನ್ ಮಾತ್ರ ಕಾಣದಿದ್ದರೆ, ಅದು ಸೆಕ್ಷನ್ ತಯಾರಿಯಲ್ಲಿಯೇ ಕಳೆದುಹೋಗಿದೆ. ಈ ಮೂರು ರೋಗಗಳಿಗೆ ಔಷಧ ಬೇರೆ ಬೇರೆ. ಬಹಳಷ್ಟು ಜನ ಇದನ್ನು ನೋಡದೆ ತಿಂಗಳುಗಟ್ಟಲೆ ಮ್ಯಾಟ್ರಿಕ್ಸ್ ಬದಲಿಸುತ್ತಾ ಕೂರುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರ.

ತಯಾರಿಯ ಬಗ್ಗೆ, ನಾನೂ ಇದೇ ಊರಿನಲ್ಲಿ ಸಸ್ಯ ಅಂಗಾಂಶಗಳೊಂದಿಗೆ ಕೆಲಸ ಮಾಡುವುದರಿಂದ, ಇಲ್ಲಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತೇನೆ. ತೊಗರಿಯ ಗಂಟು ಸಿಗುವುದು ಮಳೆಗಾಲದಲ್ಲಿ. ಮೈನಸ್ 80 ಡಿಗ್ರಿಯಿಂದ ತೆಗೆದ ಸ್ಲೈಡನ್ನು ಆ ಹವೆಗೆ ನೇರವಾಗಿ ಒಡ್ಡಿದರೆ ಗಾಜಿನ ಮೇಲೆ ಕಣ್ಣೆದುರೇ ಮಂಜು ಕಟ್ಟಿ, ಸಣ್ಣ ಹನಿಗಳಾಗಿ, ಸೆಕ್ಷನ್‌ನ ಅಂಚು ಕದಡುತ್ತದೆ. ನಿಮ್ಮ ಅಲಾಂಟಾಯಿನ್ ಓಡುವುದು ಆಗಲೇ. ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಯೇ ಸ್ಲೈಡ್ ಕೋಣೆಯ ಉಷ್ಣತೆಗೆ ಬರಲಿ, ಆಮೇಲೆ ಡೆಸಿಕೇಟರ್‌ಗೆ (ತೇವ ತೆಗೆಯುವ ಮುಚ್ಚಿದ ಪಾತ್ರೆ) ಹಾಕಿ. ಏಪ್ರಿಲ್, ಮೇನಲ್ಲಿ ಸಮಸ್ಯೆ ತಿರುಗಾಮುರುಗಾ: ಸ್ಪ್ರೇ ಹನಿ ಸೆಕ್ಷನ್ ಮುಟ್ಟುವ ಮೊದಲೇ ಒಣಗುತ್ತದೆ, ಅಂಗಾಂಶದಿಂದ ಏನನ್ನೂ ಎಳೆದುಕೊಳ್ಳುವುದಿಲ್ಲ. ಪ್ರತಿ ಸ್ಲೈಡಿನ ಜೊತೆ ಕೋಣೆಯ ತೇವಾಂಶ, ಉಷ್ಣತೆ ಬರೆದಿಡಿ. ಎರೆ ಮಣ್ಣು ಗಂಟಿಗೆ ಗಟ್ಟಿಯಾಗಿ ಅಂಟುತ್ತದೆ. ಮೃದುವಾದ ಬ್ರಷ್‌ನಿಂದ ಬಿಡಿಸಿ, ಇಲ್ಲದಿದ್ದರೆ ಕ್ರಯೋಸ್ಟಾಟ್ (ಹೆಪ್ಪುಗಟ್ಟಿದ ಅಂಗಾಂಶ ಕತ್ತರಿಸುವ ಯಂತ್ರ) ಬ್ಲೇಡು ಹಾಳು, ಸೆಕ್ಷನ್ ಹರಿದುಹೋಗುತ್ತದೆ. ಕತ್ತರಿಸುವಾಗ ಅಂಗಾಂಶವನ್ನು ಹಿಡಿದಿಡುವ ಓಸಿಟಿ ಎಂಬ ಅಂಟಿನಲ್ಲಿ ಹುದುಗಿಸಬೇಡಿ, ಅದರ ಪಾಲಿಮರ್ ಎಲ್ಲ ಅಯಾನುಗಳನ್ನೂ ತುಳಿಯುತ್ತದೆ, ಜಿಲಾಟಿನ್ ಸಾಕು.

ಇಷ್ಟರ ಮೇಲೂ ಸಿಗ್ನಲ್ ಸಾಲದಿದ್ದರೆ ಮಾಲ್ಡಿ-2 ಇರುವ ಕೇಂದ್ರ ಹುಡುಕಿ. 2015ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ತಂಡ ಪ್ರಕಟಿಸಿದ ಈ ವಿಧಾನದಲ್ಲಿ, ಮೊದಲ ಲೇಸರ್ ಎಬ್ಬಿಸಿದ ಆವಿಯ ಮೇಲೆ ಎರಡನೇ ಲೇಸರ್ ಬೀಳುತ್ತದೆ. ತಟಸ್ಥವಾಗಿ ಉಳಿದ ಅಣುಗಳೂ ಅಯಾನುಗಳಾಗುತ್ತವೆ. ಹಲವು ಕೊಬ್ಬುಗಳಿಗೆ ನೂರು ಪಟ್ಟಿನವರೆಗೆ ಏರಿಕೆ ಕಂಡಿದೆ, ಅಲಾಂಟಾಯಿನ್‌ಗೂ ಅಷ್ಟೇ ಸಿಗುತ್ತದೆಂದು ನಂಬಿ ಹಣ ಹಾಕಬೇಡಿ. ಮೊದಲು ಹನಿ ಪರೀಕ್ಷೆಯ ಎರಡು ಸ್ಪೆಕ್ಟ್ರಮ್‌ಗಳಲ್ಲಿ 150ರಿಂದ 200ರವರೆಗಿನ ಭಾಗವನ್ನು ಹಿಗ್ಗಿಸಿ ನನಗೆ ತೋರಿಸಿ, ನೋಡಿ ಹೇಳುತ್ತೇನೆ.