ಯಡಹಳ್ಳಿಯಲ್ಲಿ ಕಂಡದ್ದು ಚಿಂಕಾರವೋ, ಕೃಷ್ಣಮೃಗವೋ? ಗುರುತಿಸುವುದು ಹೇಗೆ?

ಎರಡೂ ಹುಲ್ಲೆ ಜಾತಿಯ ಪ್ರಾಣಿಗಳು; ನಮ್ಮ ಬಾಗಲಕೋಟೆ ಕಡೆ ಎರಡನ್ನೂ ಚಿಗರಿ ಅಂದುಬಿಡುವವರೇ ಜಾಸ್ತಿ, ಗೊಂದಲ ಸಹಜ. ಮೊದಲು ಕೊಂಬು ನೋಡಿ. ಗಂಡು ಕೃಷ್ಣಮೃಗಕ್ಕೆ ತಿರುಪಿನಂಥ ಉದ್ದ ಕೊಂಬು. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ. ಚಿಂಕಾರದ ಕೊಂಬಿನಲ್ಲಿ ಉಂಗುರಗಳಿರುತ್ತವೆ, ತಿರುಪು ಇರುವುದಿಲ್ಲ. ಹೆಣ್ಣಿಗೂ ಸಣ್ಣ, ತೆಳ್ಳನೆಯ ಕೊಂಬು ಇರುತ್ತದೆ. ಮೈ ಕಂದು, ಗಾತ್ರ ಚಿಕ್ಕದು. ಕಪ್ಪು ಬಾಲವನ್ನು ಆಗಾಗ ಪಟಪಟ ಅಲ್ಲಾಡಿಸುತ್ತದೆ, ನನಗಂತೂ ಮೊದಲು ಕಣ್ಣಿಗೆ ಬೀಳೋದು ಅದೇ.

ನೀರಿಲ್ಲದೆ ಚಿಂಕಾರ ಬಹಳ ದಿನ ಇರಬಲ್ಲದು. ಎಲೆ, ಇಬ್ಬನಿಯ ತೇವವೇ ಸಾಕಾಗುತ್ತದೆ. ಅದಕ್ಕೇ ಯಡಹಳ್ಳಿಯ ಈ ಒಣ ಗುಡ್ಡ ಅದಕ್ಕೆ ಒಗ್ಗಿದೆ. ಬೀಳಗಿ, ಮುಧೋಳ ತಾಲ್ಲೂಕುಗಳ ಈ ಕುರುಚಲು ಕಾಡು, ಸುಮಾರು 96 ಚದರ ಕಿ.ಮೀ., 2016ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ಬೆಳಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಮರೀಬೇಡಿ.