ಬೆನ್ನುಮೂಳೆಗೆ ಸ್ಕ್ರೂ: ವೈದ್ಯರ ಕನ್ನಡಕದಲ್ಲಿ ಕಾಣುವುದೇನು?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಸೊಂಟದ ಎಲ್‌4 ಮೂಳೆ ಎಲ್‌5 ಮೇಲೆ ಮುಂದಕ್ಕೆ ಜಾರಿದೆ. ನಾಲ್ಕು ಸ್ಕ್ರೂ, ಎರಡು ರಾಡ್ ಹಾಕಬೇಕಂತೆ. ಬೆನ್ನು ಉದ್ದಕ್ಕೆ ಕೊಯ್ಯುವುದಿಲ್ಲ, ವಿಶೇಷ ಕನ್ನಡಕ ಹಾಕಿಕೊಂಡರೆ ಚರ್ಮದೊಳಗಿನ ಮೂಳೆ ಕಾಣುತ್ತದೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಪ್ಪಬಹುದು, ಆದರೆ ಎರಡು ವಿಷಯ ಕೇಳಿಕೊಂಡು ಒಪ್ಪಿ. ಕನ್ನಡಕ ತೋರಿಸುವುದು ಸ್ವಲ್ಪ ಹೊತ್ತಿಗೆ ಮುಂಚೆ ತೆಗೆದ ಸಿ.ಟಿ. ಚಿತ್ರವನ್ನು, ಆ ಕ್ಷಣದ ಮೂಳೆಯನ್ನಲ್ಲ.

ರೋಗಿಯನ್ನು ಬೋರಲು ಮಲಗಿಸಿ, ಸೊಂಟದ ಎಲುಬಿಗೆ ಒಂದು ಪಿನ್ ಬಿಗಿದು ಅದರ ಮೇಲೆ ಗುರುತುಫಲಕ ಕೂರಿಸುತ್ತಾರೆ. ಅಲ್ಲೇ, ಥಿಯೇಟರಿನಲ್ಲೇ, ಸ್ಕ್ಯಾನ್ ತೆಗೆಯುತ್ತಾರೆ. ಫಲಕದಿಂದ ಪ್ರತಿ ಮೂಳೆ ಎಷ್ಟು ದೂರ, ಯಾವ ಕೋನದಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿಕೊಳ್ಳುತ್ತದೆ. ಕ್ಯಾಮೆರಾ ಫಲಕವನ್ನೂ ವೈದ್ಯರ ಕೈಯಲ್ಲಿರುವ ಸೂಜಿಯನ್ನೂ ಹಿಂಬಾಲಿಸುತ್ತದೆ. ಚಿತ್ರ ಬೆನ್ನಿನ ಮೇಲೇ ಮೂಡುತ್ತದೆ. ಕಂಪ್ಯೂಟರ್ ದಾರಿ ತೋರಿಸುವ ಹಳೆಯ ನ್ಯಾವಿಗೇಷನ್‌ನಲ್ಲಿ ಪಕ್ಕದ ಪರದೆಯತ್ತ ಕತ್ತು ತಿರುಗಿಸಬೇಕಿತ್ತು, ಈಗ ನೋಟ ಕೈಯ ಮೇಲೇ ಉಳಿಯುತ್ತದೆ. ದೊಡ್ಡ ಲಾಭ ಇದೇ. ಇಂಥ ಎಕ್ಸ್‌ವಿಷನ್ ಎಂಬ ಸಾಧನಕ್ಕೆ ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2020ರ ಜೂನ್‌ನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅದರ ನೆರವಿನಿಂದ ಒಬ್ಬ ರೋಗಿಗೆ ಆರು ಸ್ಕ್ರೂ ಹಾಕಿದರು.

ಈಗ ಕೇಳಬೇಕಾದ ಆ ಎರಡು. ಸ್ಕ್ಯಾನ್ ಬೋರಲು ಮಲಗಿಸಿದ ಮೇಲೆ ತೆಗೆಯುತ್ತೀರಾ? ಅಂಗಾತ ಮಲಗಿ ಹಿಂದಿನ ದಿನ ತೆಗೆದ ಚಿತ್ರದಲ್ಲಿ, ಅದರಲ್ಲೂ ಜಾರಿದ ಮೂಳೆಯಲ್ಲಿ, ಎರಡು ಮೂಳೆಗಳ ನಡುವಿನ ಕೋನವೇ ಬೇರೆ ಇರುತ್ತದೆ. ಅದನ್ನು ಬಳಸುವುದಾದರೆ ಪ್ರತಿ ಮೂಳೆಯನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಇನ್ನೊಂದು, ಹೊಲಿಗೆ ಹಾಕುವ ಮುಂಚೆ ಸ್ಕ್ರೂಗಳನ್ನು ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತೀರಾ? ಮೂಳೆಯ ಗೋಡೆ ದಾಟಿದ ಸ್ಕ್ರೂ ಆಗಲೇ ಗೊತ್ತಾದರೆ ಐದು ನಿಮಿಷದ ಕೆಲಸ. ವಾರ್ಡಿಗೆ ಹೋದ ಮೇಲೆ ಗೊತ್ತಾದರೆ ಇನ್ನೊಂದು ಆಪರೇಷನ್.

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್ ಟೆಕ್ನಾಲಜಿ ವಿದ್ಯಾರ್ಥಿನಿ. ಈ ವಿಧಾನದಲ್ಲಿ ಎಡವಟ್ಟಾಗುವುದು ಎಲ್ಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹೆಚ್ಚಾಗಿ ಆ ಗುರುತುಫಲಕದಲ್ಲಿ. ಸಹಾಯಕರ ಮೊಣಕೈ ತಗುಲಿದರೆ, ರೋಗಿಗೆ ಹೊದಿಸಿದ ಬಟ್ಟೆ (ಡ್ರೇಪ್) ಎಳೆದರೆ ಫಲಕ ಕೊಂಚ ಸರಿಯುತ್ತದೆ. ಚಿತ್ರ ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಯಾವ ಅಲಾರಂ ಕೂಡ ಹೊಡೆಯುವುದಿಲ್ಲ. ಆದ್ದರಿಂದ ಪ್ರತಿ ಸ್ಕ್ರೂಗೂ ಮುಂಚೆ ಪಾಯಿಂಟರ್ ತುದಿಯನ್ನು ಗೊತ್ತಿರುವ ಮೂಳೆಬಿಂದುವಿಗೆ, ಅಂದರೆ ಬೆನ್ನಿನ ನಡುಗೆರೆಯಲ್ಲಿ ಕೈಗೆ ಸಿಗುವ ಮೂಳೆಮುಳ್ಳಿನ ತುದಿಗೆ, ಮುಟ್ಟಿಸಿ ನೋಡಬೇಕು. 2 ಮಿ.ಮೀ. ತಪ್ಪಿದರೂ ಹೊಸ ಸ್ಕ್ಯಾನ್. ಬೆನ್ನು ತೆರೆದು ಮಾಡುವಾಗ ಮೂಳೆ ಕಣ್ಣೆದುರೇ ಇದ್ದು ತಪ್ಪು ತಿಳಿಯುತ್ತದೆ, 2 ಸೆಂ.ಮೀ. ಗಾಯದಲ್ಲಿ ಆ ಆಸರೆ ಇಲ್ಲ.

ಅಳತೆ ಗಮನಿಸಿ. ಸೊಂಟದಲ್ಲಿ ಸಾಮಾನ್ಯವಾಗಿ 6.5 ಮಿ.ಮೀ. ದಪ್ಪ, 45 ಮಿ.ಮೀ. ಉದ್ದದ ಸ್ಕ್ರೂ ಹಿಡಿಸುತ್ತದೆ. ಎದೆಭಾಗದ ನಡುವಿನ ಮೂಳೆಗಳಲ್ಲಿ ಪೆಡಿಕಲ್‌ನ (ಸ್ಕ್ರೂ ಹಾದುಹೋಗುವ ಮೂಳೆಯ ಕಿರುಕಂಬ) ಅಗಲವೇ ಕೆಲವರಲ್ಲಿ 4–5 ಮಿ.ಮೀ., ಒಳಗೋಡೆಯಾಚೆ ಮಿದುಳುಬಳ್ಳಿ. ಫಲಕದಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ, ಎದೆಭಾಗದಲ್ಲಿ ಉಸಿರಾಟದ ಅಲುಗಾಟವೂ ಸೇರುತ್ತದೆ.

ಸೂಜಿ ನೆಟ್ಟಗಿದೆ ಎಂದು ನಂಬಿಯೇ ಕಂಪ್ಯೂಟರ್ ಲೆಕ್ಕ ಹಾಕುವುದು. ಬಿಗಿಯಾದ ಸ್ನಾಯು ಹಿಡಿಯನ್ನು ತಳ್ಳಿ ಸೂಜಿ ಬಾಗಿದರೆ ತುದಿ ಒಂದು ಕಡೆ, ಚಿತ್ರದ ತುದಿ ಇನ್ನೊಂದು ಕಡೆ. ಇಳಿಜಾರು ಮೂಳೆಯ ಮೇಲೆ ತುದಿ ಜಾರುವುದೂ ಉಂಟು. ಚರ್ಮದ ಗಾಯವನ್ನು ನಡುಗೆರೆಗೆ ತೀರಾ ಹತ್ತಿರ ಹಾಕಿದರೆ ಬೇಕಾದ ಕೋನ ಸಿಗದೆ ಈ ತೊಂದರೆ ಹೆಚ್ಚು.

ಮುಂದಿನದು ಗೈಡ್‌ವೈರ್, ಅಂದರೆ ಸ್ಕ್ರೂಗೆ ದಾರಿ ತೋರಿಸುವ ತೆಳು ತಂತಿ. ಮೂಳೆಯಲ್ಲಿ ಸ್ಕ್ರೂಗೆ ಎಳೆ ಕೊರೆಯುವ ಟ್ಯಾಪ್ ತಿರುಗಿಸುವಾಗ ವೈರ್ ಸಿಕ್ಕಿಕೊಂಡರೆ ಅದರ ಜೊತೆಗೇ ಮುಂದಕ್ಕೆ ಹೋಗಿ ಮೂಳೆಯ ಮುಂಗೋಡೆ ದಾಟಬಹುದು. ಎಲ್‌4 ಮಟ್ಟದಲ್ಲಿ ಮಹಾಧಮನಿ ಕವಲೊಡೆಯುವುದು ಅಲ್ಲೇ, ಎದುರಿಗೆ. ಕನ್ನಡಕ ಹಿಂಬಾಲಿಸುವುದು ಗುರುತು ಇರುವ ಉಪಕರಣವನ್ನು, ಸಡಿಲ ವೈರನ್ನಲ್ಲ. ವೈರಿನ ಹಿಂತುದಿಯನ್ನು ಬೆರಳಲ್ಲಿ ಹಿಡಿದಿರಬೇಕು, ಸಿ-ಆರ್ಮ್‌ನಲ್ಲಿ (ಥಿಯೇಟರಿನ ಎಕ್ಸ್‌-ರೇ ಯಂತ್ರ) ಪಕ್ಕದಿಂದ ಕಾಣುವ ಚಿತ್ರ ನೋಡುತ್ತಿರಬೇಕು. ಸಿ-ಆರ್ಮನ್ನು ಹೊರಗೆ ಕಳಿಸುವ ಮಾತೇ ಬೇಡ; ಕನ್ನಡಕ ಕೈಕೊಟ್ಟರೆ ಕೆಲಸ ಮುಗಿಸುವುದೂ ಅದರಿಂದಲೇ.

ಜಾರಿದ ಮೂಳೆಯನ್ನು ಹಿಂದಕ್ಕೆ ಎಳೆದು ಕೂರಿಸಿದ ಗಳಿಗೆಯಿಂದ ಮೊದಲಿನ ಸ್ಕ್ಯಾನ್ ಸುಳ್ಳು. ಸ್ಕ್ರೂಗಳೆಲ್ಲ ಅದಕ್ಕೂ ಮುಂಚೆ ಕೂತಿರಬೇಕು.

ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್‌ ಕನ್ನಡಕದಂಥ ಸಾಧನಗಳಲ್ಲಿ ಬಿಂಬದ ಫೋಕಸ್ ಸುಮಾರು 2 ಮೀಟರ್ ದೂರಕ್ಕೆ ನಿಗದಿಯಾಗಿರುತ್ತದೆ. ಕೆಲಸ ನಡೆಯುವುದು ಅರ್ಧ ಮೀಟರಿನಲ್ಲಿ. ಕಣ್ಣು ಬಳಲುವುದು, ತಲೆನೋವು ಬರುವುದು ಇದರಿಂದ. ಮೇಲಿನ ದೀಪದ ಬೆಳಕು ಜೋರಾದರೆ ಬಿಂಬ ಮಾಸುತ್ತದೆ. ದೀಪ ತಗ್ಗಿಸುವುದು ನಿಮ್ಮ ಪಾಲಿನ ಕೆಲಸ.

ಪ್ರಶ್ನೆ: ನನಗೆ ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತಿದೆ. ಕನ್ನಡಕದ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕಿಲ್ಲ. ಬರೀ ಡಿಸ್ಕ್ ತುಣುಕು ತೆಗೆಯುವುದಾದರೆ ಸ್ಕ್ರೂ ಇಲ್ಲ; ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪ್‌ನಲ್ಲಿ ನರವೂ ತುಣುಕೂ ನೇರವಾಗಿ ಕಾಣುತ್ತವೆ. ಇಂಥ ನೋವು ಬಹಳ ಜನರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ತಗ್ಗುತ್ತದೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಕಾಯಬೇಡಿ, ಅದೇ ದಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.